ಅಪ್ಪ ತಲುಪಿಸದ ಮಾತು

೬-೮-೯೭, ಬುಧವಾರ, ಹುಣಸೂರು
ಮಕ್ಕಳಿಗೆ ಕ್ವಿಟ್ ಇಂಡಿಯಾ ಭಾಷಣ ಬಾಯಿಪಾಠ ಮಾಡಿಸಿ ಗಂಟಲು ಕಟ್ಟಿದೆ. ಶನಿವಾರ ಸ್ಕೂಲಿಗೆ ಲೋಕಲ್ ರಜೆ. ಟೀಚರುಗಳಿಗೂ ಭಾಷಣದ ಮಕ್ಕಳಿಗೂ ಮಾತ್ರ ಫಂಕ್ಷನ್ ಡ್ಯೂಟಿ — ಸ್ವಾತಂತ್ರ್ಯ ಹೋರಾಟಗಾರರಿಗೆ ಸನ್ಮಾನ. ಅಪ್ಪ ತೀರಿಕೊಂಡು ಏಳು ತಿಂಗಳು. ಈ ಸಲ ಅವರ ಶಾಲನ್ನು ಅಮ್ಮ ತೆಗೆದುಕೊಳ್ಳಬೇಕಂತೆ. ಆಹ್ವಾನದ ಕಾರ್ಡ್ ಓದಿ ಹೇಳಿದೆ. ಅದನ್ನು ಮಡಿಸಿ, "ನಾ ಬರಕಿಲ್ಲ" ಅಂದಳು.

೮-೮-೯೭, ಸಂಜೆ ೬
ಬಲವಂತ ಮಾಡಿದೆ. ಮಾಡಬಾರದಿತ್ತು.
"ನಿಮ್ಮಪ್ಪ ತಪ್ಪಾಯ್ತು ಅಂತ ಬರ್ಕೊಟ್ಟು ಜೈಲಿಂದ ಬಂದ್ರು ಕಣೆ ಉಷಾ. ಮಗೀಗೆ ಸಿಡುಬು ಎದ್ದಿತ್ತು. ಬನ್ನಿ ಅಂತ ನಾನೇ ಕಾಗ್ದ ಬರ್ಸ್ದೆ. ಜೊತೇಲಿದ್ದ ಬಿಳಿಕೆರೆ ಮಂಟಯ್ಯ ಬರ್ಕೊಡ್ನಿಲ್ಲ. ಜ್ವರ ಬಂದು ಅಲ್ಲೇ ತೀರೋದ."
ನನಗಿಂತ ಮೊದಲು ಒಂದು ಮಗು ಇತ್ತೆಂದು ಮಾತ್ರ ಗೊತ್ತಿತ್ತು. ಅಪ್ಪ ಮನೆ ಮುಟ್ಟುವಷ್ಟರಲ್ಲಿ ಅದೂ ಹೋಗಿತ್ತಂತೆ.
ಪ್ರತಿ ವರ್ಷ ಸನ್ಮಾನದ ದಿನ ಅಪ್ಪ ಊಟ ಮಾಡುತ್ತಿರಲಿಲ್ಲ. ದೇಶಭಕ್ತಿ ಅಂದುಕೊಂಡಿದ್ದೆ...

೯-೮-೯೭
ಅಪ್ಪನ ಹೆಸರು ಕೂಗಿದರು. ನಾನೇ ಹೋದೆ. ಮಂಟಯ್ಯನ ಹೆಸರು ಹೇಳಲೇಬೇಕೆಂದು ಮೈಕ್ ಹಿಡಿದೆ. ಮುಂದಿನ ಸಾಲಿನಲ್ಲಿ ನನ್ನ ಕ್ಲಾಸಿನ ಮಕ್ಕಳು, ಕೈಯಲ್ಲಿ ಬಾವುಟ. "ವಂದನೆಗಳು" ಅಂದು ಇಳಿದುಬಿಟ್ಟೆ. ಅಪ್ಪನ ಮಗಳೇ ಸರಿ.

೧೦-೮-೯೭, ಭಾನುವಾರ
ಶಾಲು ತೆಗೆದುಕೊಂಡು ಬಿಳಿಕೆರೆಗೆ ಹೋದೆ. ಮಂಟಯ್ಯನ ತಂಗಿ ಯಶೋದಮ್ಮ. ಎಪ್ಪತ್ತು ದಾಟಿದೆ, ಒಂಟಿ. ಬಸ್ ಸ್ಟಾಪಿನಲ್ಲಿ ಸೊಪ್ಪು ಮಾರುತ್ತಾಳೆ. ಎಲ್ಲ ಹೇಳಿದೆ. ಬೈಯಲಿಲ್ಲ. ಶಾಲನ್ನು ಮುಟ್ಟಲೂ ಇಲ್ಲ.
"ನಂಗೆ ಮದ್ವೆ ಗೊತ್ತಾಗಿತ್ತು ಕಣವ್ವ. ಅಣ್ಣ ಬರ್ಲಿ ಅಂತ ನಾನೇ ಅಟ ಮಾಡ್ದೆ. ಗಂಡಿನೋರು ಒಂದ್ ವರ್ಸ ಕಾದ್ರು. ಆಮೇಲೆ ಬ್ಯಾರೆ ಕಡೆ ಮಾಡ್ಕಂಡ್ರು." ಸೊಪ್ಪಿಗೆ ನೀರು ಚಿಮುಕಿಸಿದಳು. "ನಿಮ್ಮಪ್ಪ ಬುಟ್ಟು ಬರೋವಾಗ ನಮ್ಮಣ್ಣ ನಂಗೇನಾರ ಯೋಳ್ಕಳ್ಸಿದ್ನಾ?"
ಗೊತ್ತಿಲ್ಲ ಅಂದೆ.
ಐವತ್ತೈದು ವರ್ಷ. ಯಾರೂ ಅವಳ ಹತ್ತಿರ ಹೋಗಿರಲಿಲ್ಲ.

೧೪-೮-೯೭, ಗುರುವಾರ
ನಾಲ್ಕು ದಿನ ಧೈರ್ಯ ಬರಲಿಲ್ಲ. ಇವತ್ತು ಅಮ್ಮನನ್ನು ಕೇಳಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.
"ಯೋಳಿದ್ದ. 'ನನ್ನ ಕಾಯ್ಬ್ಯಾಡಿ, ತಂಗಿ ಮದ್ವೆ ಮುಗ್ಸ್ಬುಡಿ' ಅಂದಿದ್ನಂತೆ. ಆ ಬಾಗ್ಲಿಗೆ ಓಗೋಕೆ ನಿಮ್ಮಪ್ಪಂಗೆ ಮುಖ ಇರ್ನಿಲ್ಲ." ಮೊರ ಮತ್ತೆ ಎತ್ತಿಕೊಂಡು, "ನಂಗೂ ಇರ್ನಿಲ್ಲ."
ನಾಳೆ ಧ್ವಜಾರೋಹಣ ಮುಗಿದ ಮೇಲೆ ಬಿಳಿಕೆರೆ ಬಸ್ಸು. ಹೇಳದೆ ಇದ್ದರೆ ನಾನೂ ಅವರ ಹಾಗೆಯೇ. ಹೇಳಿದರೆ... ಹೇಗೆ ಶುರು ಮಾಡಲಿ? ಯಶೋದಮ್ಮ, ನಿಮ್ಮಣ್ಣ ಅವತ್ತು—