ನೆಟ್ಟಗೆ ನಿಂತ ಭೂಮಿ

ಜೂನ್ ೨೨

ಮಗಳೇ,

ಹೇಗಿದ್ದೀಯಾ? ಕ್ರೇನು ಹತ್ತುವಾಗ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಮೊದಲಿನ ಹಾಗೆ ಧಿಮಾಕೋ? ನಾಲ್ಕು ತಿಂಗಳಿಂದ ನಿನಗೆ ಒಂದು ಸಾಲೂ ಬರೆಯಲಿಲ್ಲ. ಕೈನೋವು ಅಂತ ನೆಪ ಹೇಳುವುದಿಲ್ಲ. ಒಂದು ಕೆಲಸ ಮುಗಿಯದೆ ಪೆನ್ನು ಮುಟ್ಟಬಾರದು ಅಂತ ಹಟ ಹಿಡಿದಿದ್ದೆ. ನಿನ್ನೆ ಮುಗಿಯಿತು.

ನಿನ್ನ ಬೆತ್ತದ ಮೇಷ್ಟ್ರು ಈಗ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬ. ಫೆಬ್ರವರಿಯಲ್ಲಿ ನಮ್ಮ ಭೂಗೋಳದ ಕಾರ್ಖಾನೆಗೆ ಬಂದಿದ್ದ. ಅವನ ಕಚೇರಿಯ ಹಜಾರದಲ್ಲಿ ಗಾಡಿಯ ಚಕ್ರದಷ್ಟು ದೊಡ್ಡ ಭೂಗೋಳ ಬೇಕಂತೆ. ನಡುವೆ ಸೂರ್ಯ ಅಂತ ಒಂದು ದೀಪ, ಸುತ್ತ ಹಳಿ. ಗುಂಡಿ ಒತ್ತಿದರೆ ಭೂಮಿ ಸುತ್ತಬೇಕು. ನಾನು ಎದುರಿಗೇ ಕೂತು ಗೋಳಕ್ಕೆ ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಗುರುತು ಹಿಡಿಯಲಿಲ್ಲ. ಗೋಂದು ಹಚ್ಚುವವಳ ಮುಖ ಯಾರಿಗೆ ನೆನಪಿರುತ್ತೆ?

ಮಾದರಿ ನೋಡಿ ಮೂಗು ಮುರಿದ. "ಇದೇನ್ರೀ, ಕುಡಿದವನ ಹಾಗೆ ವಾಲಿದೆ? ನಮ್ಮಲ್ಲಿ ದೊಡ್ಡವರೆಲ್ಲ ಬರ್ತಾರೆ. ನೆಟ್ಟಗೆ ನಿಲ್ಲಿಸಿ."

ಮೇಸ್ತ್ರಿ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. "ಆಗಲಿ ಸಾರ್, ಅದನ್ನೇ ಒಂದು ಸಾಲು ಬರೆದು ಸಹಿ ಹಾಕಿಕೊಡಿ. ನಾವು ಓದುಬರಹ ಕಮ್ಮಿ ಇರೋರು, ಮರೆತುಬಿಡ್ತೀವಿ" ಅಂದೆ. "ಅಕ್ಷವು ನೆಟ್ಟಗಿರತಕ್ಕದ್ದು" ಅಂತ ಬರೆದುಕೊಟ್ಟ. ಭೂಮಿ ವಾಲಿರೋದು ಇಪ್ಪತ್ತಮೂರೂವರೆ ಡಿಗ್ರಿ ಅನ್ನುವ ಮಾತನ್ನು ನಾಲಿಗೆಯ ಕೆಳಗೇ ಒತ್ತಿಟ್ಟುಕೊಂಡೆ.

ಅವನು ಹೋದಮೇಲೆ ಮೇಸ್ತ್ರಿ ಕೇಳಿದ, "ಅಕ್ಕಾ, ಇದು ದ್ರೋಹ ಅಲ್ವಾ?"

"ಹೇಳಿದ್ದನ್ನ ಮಾಡೋದು ದ್ರೋಹ ಹೆಂಗಾಗುತ್ತೋ? ಮೂವತ್ತು ವರ್ಷದಿಂದ ಇಲ್ಲಿ ನಾವು ಮಾಡ್ತಿರೋದು ಅದನ್ನೇ ತಾನೇ?"

ನಿನಗೆ ಹನ್ನೆರಡು ವರ್ಷ ಆಗ. ಸೂರ್ಯನ ಹತ್ತಿರ ಹೋದರೆ ಬೇಸಿಗೆ, ದೂರ ಹೋದರೆ ಚಳಿಗಾಲ ಅಂತ ಆ ಮೇಷ್ಟ್ರು ಪಾಠ ಮಾಡಿದ. ನೀನು ಎದ್ದು ನಿಂತು, ಅಲ್ಲ ಸಾರ್, ಭೂಮಿ ವಾಲಿರೋದರಿಂದ ಅಂದೆ. "ಗೋಂದು ಹಚ್ಚುವವಳ ಮಗಳು ನನಗೆ ಪಾಠ ಹೇಳ್ತಾಳೆ" ಅಂತ ಮೂರು ದಿನ ಬೆಂಚಿನ ಮೇಲೆ ನಿಲ್ಲಿಸಿದ. ಓರೆತಲೆ ಅಂತ ಹೆಸರಿಟ್ಟ. ನಾಲ್ಕನೇ ದಿನ ನೀನು ಚೀಲವನ್ನು ಮೂಲೆಗೆ ಎಸೆದೆ, ಮತ್ತೆ ಎತ್ತಲಿಲ್ಲ. ಹತ್ತೊಂಬತ್ತು ವರ್ಷ ನಾನು ಆ ಹೆಸರನ್ನು ಹಲ್ಲಿನ ನಡುವೆ ಕಚ್ಚಿಕೊಂಡೇ ಬದುಕಿದೆ.

ನಿನ್ನೆ ಉದ್ಘಾಟನೆ. ಇನ್ನೂರು ಮಕ್ಕಳು. ಖಗೋಳ ವೀಕ್ಷಣಾಲಯದ ದೊಡ್ಡ ವಿಜ್ಞಾನಿ ಮೇಡಮ್ಮು ಅತಿಥಿ. ಯಂತ್ರ ಕೆಟ್ಟರೆ ಅಂತ ನಮ್ಮನ್ನೂ ಕರೆಸಿ ಗೋಡೆಗೆ ನಿಲ್ಲಿಸಿದ್ದರು. ಸಾಹೇಬ ಗುಂಡಿ ಒತ್ತಿದ. ಭೂಮಿ ಕಂಬದ ಹಾಗೆ ನೆಟ್ಟಗೆ ನಿಂತು ಹಳಿಯ ಮೇಲೆ ಹೊರಟಿತು. ಸುತ್ತು ಮುಗಿದರೂ ಬೆಳಕು ಒಂಚೂರು ಮೇಲೆ ಕೆಳಗೆ ಸರಿಯಲಿಲ್ಲ.

ಎರಡನೇ ಸಾಲಿನ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಇದರಲ್ಲಿ ಬೇಸಿಗೆ ಯಾವಾಗ ಬರುತ್ತೆ?"

"ಹತ್ತಿರ ಬಂದಾಗಮ್ಮ."

ಮೇಡಮ್ಮು ಕನ್ನಡಕ ಸರಿಮಾಡಿಕೊಂಡಳು. "ಭೂಮಿ ಸೂರ್ಯನಿಗೆ ತೀರ ಹತ್ತಿರ ಬರೋದು ಜನವರಿಯಲ್ಲಿ. ಆಗ ನೀವು ಸ್ವೆಟರ್ ಬಿಚ್ಚಿಟ್ಟು ಓಡಾಡ್ತೀರಾ?"

ಇನ್ನೂರು ಮಕ್ಕಳೂ ನಕ್ಕವು. ಸಾಹೇಬ ನಮ್ಮ ಕಡೆ ಬೆರಳು ತೋರಿಸಿದ. "ಈ ಕಾರ್ಖಾನೆಯವರು ಹಾಳು ಮಾಡಿದ್ದು! ತಲೆ ಇಲ್ಲದ ಜನ!"

ಚೀಲದಿಂದ ಅವನ ಚೀಟಿ ತೆಗೆದೆ. ಅಕ್ಷರ ಅಕ್ಷರ ಬಿಡಿಸಿ ಓದಿದೆ, ಸಹಿಯ ಸಮೇತ. ಇಂಗು ತಿಂದ ಮಂಗನ ಹಾಗಾದ. ಮೇಡಮ್ಮು "ಹಾಗಾದರೆ ನೀವೇ ಹೇಳಿ" ಅಂದಳು. ಹೇಳಿದೆ. ಭೂಮಿ ಇನ್ನೂ ಎಳೆಯದಾಗಿದ್ದಾಗ ದೊಡ್ಡ ಗೋಳವೊಂದು ಬಂದು ಬಡಿದಿರಬೇಕು ಅನ್ನುತ್ತಾರೆ ಬಲ್ಲವರು, ಆ ಏಟಿಗೆ ವಾಲಿತು. ಅವತ್ತಿನಿಂದ ವರ್ಷವಿಡೀ ಒಂದೇ ದಿಕ್ಕಿಗೆ ವಾಲಿಕೊಂಡೇ ಸುತ್ತುತ್ತದೆ. ಸೂರ್ಯನ ಕಡೆ ಬಾಗಿದ ಅರ್ಧಕ್ಕೆ ಬಿಸಿಲು ನೇರ, ಹಗಲು ಉದ್ದ, ಅದೇ ಬೇಸಿಗೆ. ಆರು ತಿಂಗಳು ಕಳೆದರೆ ಇನ್ನೊಂದು ಅರ್ಧದ ಸರದಿ. "ಇದನ್ನೇ ಹೇಳಿದ್ದಕ್ಕೆ ಈ ಸಾಹೇಬರು ನನ್ನ ಮಗಳನ್ನ ಬೆಂಚು ಹತ್ತಿಸಿದರು" ಅಂದೆ. ನಿನ್ನ ಹೆಸರು ಹೇಳಿದೆ, ಓರೆತಲೆ ಅಂತಲ್ಲ, ನಾನಿಟ್ಟ ಹೆಸರು.

ಅವನ ಮೇಲೆ ಕನಿಕರ ಬಂತಾ ಅಂತ ಕೇಳಬೇಡ. ಬರಲಿಲ್ಲ. ಬರುವುದೂ ಇಲ್ಲ.

ಬಿಸಿಲಲ್ಲಿ ನೀರು ಕುಡಿಯುತ್ತಿರು. ನೀನು ಎತ್ತಿದ ಕಬ್ಬಿಣವೆಲ್ಲ ನಿನ್ನ ಮಾತು ಕೇಳಲಿ, ನೂರು ವರ್ಷ ಗಟ್ಟಿಯಾಗಿರು.

ನಿನ್ನ ಅಮ್ಮ

ತಾ.ಕ.: ಆ ಮೂರನೇ ದಿನ ಸಂಜೆ ಅವನು ನನ್ನನ್ನು ಶಾಲೆಗೆ ಕರೆಸಿದ್ದ. ನಮ್ಮ ಧಣಿಯೂ ಅಲ್ಲೇ ಕೂತಿದ್ದ, ಶಾಲೆಗೆ ಭೂಗೋಳ ಮಾರುವುದಕ್ಕೆ ಬಂದು. ನೀನು ಬೆಂಚಿನ ಮೇಲಿಂದಲೇ "ನಮ್ಮಮ್ಮನೇ ಹೇಳಿಕೊಟ್ಟಿದ್ದು, ಕೇಳಿ ಬೇಕಾದರೆ" ಅಂದೆ. ನಾನು, ಪ್ರತಿದಿನ ಆ ಓರೆ ಕಂಬಿಗೆ ಗೋಳ ಸಿಕ್ಕಿಸುವವಳು, "ನಾನೇನೂ ಹೇಳಿಲ್ಲ ಸಾರ್, ಹುಡುಗಿ ಸುಳ್ಳು ಹೇಳ್ತಾಳೆ" ಅಂದೆ. ಅವನ ಬೆತ್ತಕ್ಕೆ ನೀನು ಅತ್ತಿರಲಿಲ್ಲ, ಆಗ ಅತ್ತೆ. ನಿನ್ನೆ ಇನ್ನೂರು ಜನರ ಮುಂದೆ ಅವನ ತಪ್ಪು ಹೇಳಿದೆ, ನನ್ನದು ಹೇಳಲಿಲ್ಲ. ಅವನ ಮೇಲಿನ ಸೇಡು ನಾನು ತೀರಿಸಿದೆ. ನನ್ನ ಮೇಲಿನದು ನಿನ್ನದು. ಬಂದು ತೀರಿಸಿಕೋ ಮಗಳೇ, ಕಾಗದ ಬರೆದು ಸುಮ್ಮನಾಗಬೇಡ.