ಮುಂದಿನ ಸಾಲಿನ ಬೆಂಚು

ಜೂನ್ ೯, ಸೋಮವಾರ

ಪ್ರೀತಿಯ ಗುಂಡೂ,

ಹೇಗಿದ್ದೀಯ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಅಕ್ಕ ಮರೆತಳು ಅಂತ ಬೈದುಕೊಂಡಿರುತ್ತೀಯ, ಬೈದುಕೋ. ನಮ್ಮ ಚರ್ಚಿಗೆ ಬಣ್ಣ ಬಳಿಸಿದ್ದರು. ಅದಾದ ಮೇಲಿನ ಮೊದಲ ಆರಾಧನೆಗೆ ಒಳಗನ್ನೆಲ್ಲ ಸಿಂಗರಿಸುವ ಕೆಲಸ ನನ್ನ ತಲೆಗೆ ಬಂತು. ನಾನಾಗಿಯೇ ಎಳೆದುಕೊಂಡೆ ಅನ್ನು. ಬೇರೆಯವರು ಮಾಡಿದರೆ ನನಗೆ ಸಮಾಧಾನವಿಲ್ಲ, ಗೊತ್ತಲ್ಲ.

ಶನಿವಾರ ಬೆಳಿಗ್ಗೆಯೇ ಎಲ್ಲರೂ ಸೇರಿದೆವು. ಟೈಲರಮ್ಮ ಪ್ರಸಂಗಪೀಠದ ಹೊದಿಕೆಗೆ ಇಸ್ತ್ರಿ ಹಾಕಿದರು. ಬಡಗಿ ಅಣ್ಣ ಏಣಿ ಹತ್ತಿ ಕಿಟಕಿಗಾಜಿಗೆ ಅಂಟಿದ್ದ ಬಣ್ಣ ಕೆರೆಯುತ್ತಾ ನಮ್ಮ ತಲೆಗಳ ಮೇಲೆಲ್ಲ ಪುಡಿ ಉದುರಿಸಿದ. ಹಾಡಿನ ಟೀಚರು ಗಾಲಿಕುರ್ಚಿಯಲ್ಲಿ ಕೂತು ಬಿಳಿ ಹೂಗಳನ್ನು ಹೂದಾನಿಗೆ ಜೋಡಿಸುತ್ತಿದ್ದರು. ನಿನಗೆ ಅವರ ಪರಿಚಯವಿಲ್ಲ. ನೀನು ಹೋದ ಮೇಲೆ ಸಭೆಗೆ ಸೇರಿದವರು. ಅಪಘಾತದಲ್ಲಿ ಕಾಲು ಹೋಯಿತು, ಗಂಟಲು ಮಾತ್ರ ಗಟ್ಟಿಯಾಗಿದೆ.

“ನಾಳೆ ಎಲ್ಲರ ಕಣ್ಣೂ ನಿಮ್ಮ ಹೂವಿನ ಮೇಲೇ, ಟೀಚರೇ” ಅಂದೆ.

“ನನಗೇ ಕಾಣಲ್ಲ ಬಿಡಿ ಅಕ್ಕ. ಬಾಗಿಲ ಹತ್ರ ನನ್ನ ಜಾಗ. ಎಲ್ರೂ ಎದ್ದು ನಿಂತ್ರೆ ಬರೀ ಬೆನ್ನುಗಳು. ಬೆನ್ನುಗಳಿಗೇ ಹಾಡ್ತೀನಿ” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಇಷ್ಟು ದಿನ ಅವರನ್ನು ಛತ್ರಿಗಳ ಪಕ್ಕ ಕೂರಿಸಿ, ನಾವೆಲ್ಲ ಒಂದೇ ಕುಟುಂಬ ಅಂತ ಪ್ರಾರ್ಥಿಸುತ್ತಿದ್ದೆವಲ್ಲ! ಟೇಪು ತಂದು ಕುರ್ಚಿಯ ಅಗಲ ಅಳೆದೆ.

“ಬೆಂಚಿನ ಮುಂದೆ ನಿಲ್ಲಿಸಿದ್ರೆ ಆಯ್ತಪ್ಪ” ಅಂದರು ಟೈಲರಮ್ಮ.

“ಪ್ರದರ್ಶನಕ್ಕಿಟ್ಟ ಹಾಗಾಗುತ್ತೆ. ಸಾಲಲ್ಲೇ ಕೂರ್ಲಿ, ನಮ್ ಜೊತೆ. ಬಡಗಿ ಅಣ್ಣ, ಮುಂದಿನ ಬೆಂಚಿನ ತುದಿ ಕುಯ್ಯಿ.”

“ಅದು ನಿಮ್ಮಪ್ಪ ಮಾಡಿದ ಬೆಂಚು ಕಣಮ್ಮ. ಗರಗಸ ಹಾಕಕ್ಕೆ ಕೈ ಬರಲ್ಲ.”

“ಅಪ್ಪ ಇದ್ದಿದ್ರೆ ಗರಗಸ ಅವರೇ ಹಿಡೀತಿದ್ರು.”

ಬಡಗಿ ಅಣ್ಣ ಗರಗಸ ಹಾಕಿದ. ಸದ್ದು ಕೇಳಿ ಸಭಾಪಾಲಕರು ಓಡಿಬಂದರು. “ಕಮಿಟೀಲಿ ಒಂದು ಮಾತು ಕೇಳಿ...” ಅಂತ ರಾಗ ಎಳೆದರು.

“ಕಮಿಟಿಗೆ ನಾಳೆ ತೋರ್ಸೋಣ ಅಯ್ಯನೋರೇ. ನೀವು ಪ್ರಸಂಗ ನೋಡ್ಕೊಳ್ಳಿ, ಬೆಂಚು ನಾನು ನೋಡ್ಕೋತೀನಿ.”

ಪಾಪ, ತಲೆ ಕೆರೆದುಕೊಂಡು, ಬೆಂಚು ಅಲುಗದಂತೆ ಇನ್ನೊಂದು ತುದಿಯನ್ನು ಅವರೇ ಹಿಡಿದುಕೊಂಡರು. ಬಡಗಿ ಅಣ್ಣ ಕುಯ್ದ ಕಡೆಗೆ ಬೆಂಚಿನ ಕಾಲನ್ನು ಮತ್ತೆ ಜೋಡಿಸಿ, ಅಂಚು ನುಣುಪಾಗುವಷ್ಟು ಉಜ್ಜಿದ.

ಭಾನುವಾರ ಟೀಚರು ನನ್ನ ಪಕ್ಕದಲ್ಲಿದ್ದರು. ಮೊದಲ ಕೀರ್ತನೆಗೆ ಅವರ ದನಿ ಏಳುತ್ತಿದ್ದಂತೆ ಇಡೀ ಸಭೆ ಅದನ್ನೇ ಹಿಡಿದು ಹೊರಟಿತು. ನಾನು ಬುದ್ಧಿವಂತೆ, ತುಟಿ ಮಾತ್ರ ಆಡಿಸಿದೆ. ಮುಗಿದ ಮೇಲೆ ಕಮಿಟಿಯ ಹಿರಿಯರೊಬ್ಬರು ಬಿರಬಿರನೆ ಬಂದರು. ಜಗಳಕ್ಕೆ ಸೆರಗು ಬಿಗಿದು ನಿಂತೆ. ಅವರು ಕುಯ್ದ ಅಂಚನ್ನು ಅಂಗೈಯಿಂದ ಸವರಿ, “ಆ ಕಡೇದೂ ಹೀಗೇ ಮಾಡಕ್ಕಾಗುತ್ತಾ? ನಮ್ಮನೆಯವಳು ಗಾಲಿಕುರ್ಚಿ ಹಿಡಿದ ಮೇಲೆ ಇಲ್ಲಿಗೆ ಬರೋದೇ ಬಿಟ್ಟಿದ್ದಾಳೆ” ಅಂದರು. ಮುಂದಿನ ಶನಿವಾರಕ್ಕೆ ಬಡಗಿ ಅಣ್ಣನಿಗೆ ಹೇಳಿಯಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕರ್ತನು ನಿನ್ನ ಬೆನ್ನಿಗಿರಲಿ.

ನಿನ್ನ
ಅಕ್ಕ

ತಾ.ಕ.: ಕುಯ್ಯಿಸಿದ್ದು ನಿನ್ನ ಜಾಗವನ್ನೇ. ಅಮ್ಮನ ಅಂತ್ಯಕ್ರಿಯೆಯ ಆರಾಧನೆಯ ನಡುವೆ ನೀನು ಅಲ್ಲಿಂದ ಎದ್ದು ಹೋದೆ. ಯಾಕೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಅಲ್ಲಿ ನನ್ನ ಚೀಲವಿಟ್ಟು, ಕೇಳಿದವರಿಗೆಲ್ಲ “ತಮ್ಮ ಬರ್ತಾನೆ” ಅನ್ನುತ್ತಿದ್ದೆ. ನಿನ್ನೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಗುಂಡೂ, ಇನ್ನು ನಿನಗೆಂದು ಕಾದಿಟ್ಟ ಜಾಗವಿಲ್ಲ. ಬಂದರೆ ನಾನೇ ಸರಿದು ಕೂರುತ್ತೇನೆ.