ಇನ್ಸ್‌ಬ್ರುಕ್‌ನಲ್ಲಿ ಏಪ್ರಿಲ್ ಹದಿನಾಲ್ಕು

ಏಪ್ರಿಲ್ 10, ಬೆಳಿಗ್ಗೆ 7

ಖಡಕ್ ರೊಟ್ಟಿಯ ಗಂಟು ಬಿಚ್ಚಿದೆ. ಅರ್ಧ ಪುಡಿ. ಪುಡಿಯನ್ನೇ ಮೊಸರಿಗೆ ಹಾಕಿ ಮೇಲೆ ಶೇಂಗಾ ಚಟ್ನಿ. ಎಂಟಕ್ಕೆ ಎಲ್ಲ ನಮ್ಮ ರೂಮಿಗೇ ಬರುತ್ತಾರೆ. ಹೋಟೆಲಿನ ಬ್ರೆಡ್ಡು, ಚೀಸು ಯಾರ ಗಂಟಲಿಗೂ ಇಳಿಯುತ್ತಿಲ್ಲ.

ಒಂಬತ್ತು ಜೋಡಿ. ಬೆಳೆ ಔಷಧದ ಕಂಪನಿಯ ಟೂರು, ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಬಹುಮಾನ. ನಮ್ಮ ಟಿಕೋಟಾ ಅಂಗಡಿಯಿಂದ ದ್ರಾಕ್ಷಿ ತೋಟಗಳಿಗೆ ಹೋದ ಡಬ್ಬಿಗಳೇ ಧರ್ಮರಾಜನನ್ನೂ ನನ್ನನ್ನೂ ಇಲ್ಲಿಗೆ ತಂದವು.

ಕಿಟಕಿ ತೆಗೆದರೆ ಮೈಮೇಲೆ ಬೀಳುವಂಥ ಗುಡ್ಡ. ತುದಿಗೆ ಹಿಮ. ಕೆಳಗೆ ಬೀದಿಯಲ್ಲಿ ಎಲೆಯೇ ಇಲ್ಲದ ಗಿಡ, ಮೈತುಂಬ ಹೂ. ಸಣ್ಣ ಊರು, ನಡುವೆ ಹಸಿರು ನೀರಿನ ಹೊಳೆ. ಯಾರೂ ಯಾರನ್ನೂ ‘ಯಾರ ಪೈಕಿ’ ಎಂದು ಕೇಳುವುದಿಲ್ಲ. ಕೇಳುವವರನ್ನು ನಾವೇ ವಿಮಾನದಲ್ಲಿ ಕರೆತಂದಿದ್ದೇವೆ.

ಸೊಲ್ಲಾಪುರ ರಸ್ತೆಯ ಡಿಸ್ಟ್ರಿಬ್ಯೂಟರ್ ಮಲಕನಗೌಡ. ನಮಗೆ ಮಾಲು ಕೊಡುವವನು. ವಿಮಾನದ ಸೀಟಿನಿಂದಲೇ ಕೇಳಿದ್ದ: “ಯಾರ ಪೈಕಿ ನೀವು, ಧರ್ಮಣ್ಣ?”

“ನಿಡೋಣಿ ಕಡೆಯವ್ರ್ರಿ.”

“ಹಂಗಾರ ನಮ್ಮವರ ಬಿಡು.”

ಊರ ಹೆಸರು ಕೇಳಿ ಜಾತಿಯನ್ನು ತಾನೇ ತುಂಬಿಕೊಂಡ. ನಿಡೋಣಿಯಲ್ಲಿ ನಮ್ಮ ಕೇರಿಯೂ ಇದೆ ಎಂಬುದು ಗೌಡನ ತಲೆಗೆ ಬರಲೇ ಇಲ್ಲ. ಇಲ್ಲಿ ನನ್ನ ಹೆಸರು ಅಂಬಕ್ಕ, ಧರ್ಮರಾಜ ಇಟ್ಟದ್ದು. ಆಮ್ರಪಾಲಿ ಅಂದರೆ ಬೌದ್ಧರು ಅಂತ ಗೊತ್ತಾಗುತ್ತದಂತೆ.

ಏಪ್ರಿಲ್ 12

ಗೌಡ್ತಿ ಬೆರಳು ನೆಕ್ಕುತ್ತ, “ಅಂಬಕ್ಕಾ, ನಿನ್ನ ಚಟ್ನಿ ಇಲ್ಲಂದ್ರ ನಮ್ಮ ಗೌಡ್ರು ಇಲ್ಲೇ ಸತ್ತು ಐಸ್ ಆಗ್ತಿದ್ರು ನೋಡ ಬೇ” ಎಂದಳು.

“ಆಗಿದ್ರ ಚಲೋನ ಆಗ್ತಿತ್ತು,” ಗೌಡ. “ಬ್ಯಾಸಗಿಗೆ ವಿಜಾಪುರಕ್ಕ ಒಯ್ದು ಮಾರ್ತಿದ್ಳು ಇಕಿ.”

ಎಲ್ಲ ನಕ್ಕರು. ನಾನೂ ನಕ್ಕೆ. ನಾಚಿಕೆಯಾಗಬೇಕು ನನಗೆ.

ಕಂಪನಿಯ ಹುಡುಗ ಅತೀಕ ಒಳಗೆ ಬರಲಿಲ್ಲ. ತನ್ನ ಡಬ್ಬಿ ಹಿಡಿದು ಹೊರಗೇ ತಿಂದ. ಪಾಸ್‌ಪೋರ್ಟುಗಳೆಲ್ಲ ಅವನ ಹತ್ತಿರ. ಲಿಫ್ಟಿನಲ್ಲಿ ಮೆಲ್ಲಗೆ ಹೇಳಿದ: “ನಿಮ್ಮ ಹೆಸರು ಓದೀನ್ರಿ ಅಕ್ಕಾರ. ನನ್ನ ಬಾಯಿಂದ ಬರಂಗಿಲ್ಲ.”

“ಯಾಕ, ಬಂದ್ರ ತಪ್ಪೇನಪಾ?”

ಮಹಡಿಯ ನಂಬರು ನೋಡುತ್ತ ನಿಂತ.

ಏಪ್ರಿಲ್ 13, ಸಂಜೆ

ಸೂಟ್‌ಕೇಸಿನ ತಳದಿಂದ ಬಾಬಾಸಾಹೇಬರ ಫೋಟೋ ತೆಗೆದೆ. ನಾಳೆ ಜಯಂತಿ. ಬಬಲೇಶ್ವರದ ನನ್ನ ಶಾಲೆಯಲ್ಲಿ ಹದಿನಾರು ವರ್ಷದಿಂದ ಹಾರ ಹಾಕಿದವಳು ನಾನು.

“ರೂಮಿನ್ಯಾಗ ಹಚ್ಚು ಮೇಣಬತ್ತಿ. ಬಾಗಲಾ ಹಾಕ್ಕೊಂಡು” ಎಂದ ಧರ್ಮರಾಜ.

“ಕೆಳಗ ಹೋಟೆಲಿನ ನಾಷ್ಟಾ ಟೇಬಲ್ ಮ್ಯಾಲ ಹಚ್ತೀನಿ. ಎಲ್ಲಾರಿಗೂ ಪೇಢಾ ಕೊಡ್ತೀನಿ.”

ಬಾತ್‌ರೂಮಿನ ನಲ್ಲಿ ಪೂರ್ತಿ ತಿರುಗಿಸಿದ. ನನ್ನನ್ನು ಒಳಗೆಳೆದ. ಹೊಡೆದ. ಎರಡು. ಪಕ್ಕದ ರೂಮಿಗೆ ಕೇಳಬಾರದಲ್ಲ...

“ಅಂಗಡಿ ಹೋಗ್ತೈತಿ, ತಿಳೀತೈತೇನ? ಹನ್ನೆರಡ ವರ್ಷ ನಾಲಗಿ ಕಡಕೊಂಡು ಕಟ್ಟೀನಿ.”

ಆಮೇಲೆ ತಾನೇ ಅತ್ತ. ಒದ್ದೆ ಟವೆಲ್ ತಂದ. ಅವನ ಮುಖಕ್ಕೇ ಎಸೆದೆ. ಗೌಡನ ಹೆದರಿಕೆಯಲ್ಲಿ ಗೌಡನ ಕೈ ಹಾಕಿಕೊಂಡು ಹೊಡೆದ.

ಏಪ್ರಿಲ್ 14, ಆಸ್ಪತ್ರೆ

ಆದದ್ದು ಆದ ಹಾಗೆ ಬರೆಯಬೇಕು.

ಚಟ್ನಿ ಡಬ್ಬಿಯನ್ನೂ ಕೆಳಗೇ ಒಯ್ದು, ಎಲ್ಲ ಕೂತ ಹೋಟೆಲಿನ ನಾಷ್ಟಾ ಟೇಬಲ್ ಮೇಲೆ ಫೋಟೋ ನಿಲ್ಲಿಸಿದೆ. ಮೇಣಬತ್ತಿ. ಗೌಡನ ಮುಂದೆ ಪೇಢಾ ಹಿಡಿದೆ. “ನನ್ನ ಹೆಸರು ಆಮ್ರಪಾಲಿ ಐತ್ರಿ. ಇವತ್ತು ನಮ್ಮ ಹಬ್ಬ.”

ಚಮಚಗಳು ನಿಂತವು. ಗೌಡ್ತಿ ಗಂಟಲಿಗೆ ಬೆರಳು ಹಾಕುತ್ತ ಹೊರಗೆ ಓಡಿದಳು.

“ಐದ ದಿನಾ,” ಎಂದ ಗೌಡ. “ಐದ ದಿನಾ ನಿನ್ನ ಕೈಯಾಂದು ತಿನಿಸಿದಿ.”

ಟೇಬಲ್ ಒದ್ದ. ಫೋಟೋ ಬಿತ್ತು, ಗಾಜು ಒಡೆಯಿತು. ಧರ್ಮರಾಜ ಬಗ್ಗಿದ. ಇಷ್ಟು ವರ್ಷ ಅಂಗಡಿಯಲ್ಲಿ ಆ ಫೋಟೋ ಇಡದವನು, ಈಗ ಮೊಣಕಾಲೂರಿ ಚೂರು ಆರಿಸಿದ. ಬಗ್ಗಿದವನ ದವಡೆಗೆ ಗೌಡ ಬೂಟುಗಾಲಲ್ಲಿ ಒದ್ದ. ಹಿಮದಲ್ಲಿ ನಡೆಯಲೆಂದು ಕೊಂಡ ಬೂಟು. ಲಟಕ್ ಎಂದಿತು. ಮತ್ತೆ ಒದ್ದ. ರಕ್ತದ ಜೊತೆ ಎರಡು ಹಲ್ಲು ನೆಲಕ್ಕೆ ಬಿದ್ದವು. ಟಿಕೋಟಾ, ಬಬಲೇಶ್ವರ, ವಿಜಾಪುರ, ಹದಿನಾಲ್ಕು ಜನ ಕೂತು ನೋಡಿದರು.

ಚಟ್ನಿಯ ಸ್ಟೀಲ್ ಡಬ್ಬಿ ನನ್ನ ಕೈಗೆ ಬಂತು. ಗೌಡನ ಹಣೆಗೆ ಬಾರಿಸಿದೆ. ಸೀಳಿತು. ಇನ್ನೊಂದು ಹಾಕುತ್ತಿದ್ದೆ, ಹೋಟೆಲಿನವರು ಹಿಡಿದರು. ಪೊಲೀಸರನ್ನು ಕರೆಯಹೊರಟವರನ್ನು ಅತೀಕ ಕೈಮುಗಿದು ತಡೆದ.

ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಕೇಳಿದಳು, ಏನಾಯಿತು. ನಾನು ಬಾಯಿ ತೆರೆಯುವ ಮೊದಲೇ ಅತೀಕ ಹೇಳಿದ: ಗುಡ್ಡದ ಮೇಲೆ ಹಿಮದಲ್ಲಿ ಜಾರಿ ಬಿದ್ದರು. ಡಾಕ್ಟರಮ್ಮ ಧರ್ಮರಾಜನನ್ನು ನೋಡಿದಳು. ಅವನು ನನ್ನ ಕೈ ಬಿಗಿಯಾಗಿ ಹಿಡಿದು ತಲೆಯಾಡಿಸಿದ. ಹೌದು.

ಹೌದಂತೆ.

ಏಪ್ರಿಲ್ 26, ವಿಜಯಪುರ

ಧರ್ಮರಾಜನ ದವಡೆಗೆ ತಂತಿ. ಸ್ಟ್ರಾದಲ್ಲಿ ಅಂಬಲಿ. ಮಾತಿಲ್ಲ. ಮಾತಾಡಬಹುದಾಗಿದ್ದ ವರ್ಷಗಳಲ್ಲೂ ಇರಲಿಲ್ಲ.

ಠಾಣೆಗೆ ಹೋದೆ. “ಅಲ್ಲಿ ಆದದ್ದು ಇಲ್ಲಿ ಹೆಂಗ ಬರಕೊಳ್ಳೂದ್ರಿ ಟೀಚರ್? ದವಾಖಾನಿ ಕಾಗದದಾಗ ಜಾರಿ ಬಿದ್ದಾರ ಅಂತೈತಿ.”

ಸ್ಟೇಷನ್ ರಸ್ತೆಯ ವಕೀಲೆ ತರನ್ನುಮ ಹೇಳಿದರು: “ನಮ್ಮ ದೇಶದವ ಎಲ್ಲಿ ಹೊಡದ್ರೂ ಇಲ್ಲಿ ಕೇಸ್ ಹಾಕಬಹುದ್ರಿ. ಆದ್ರ ಪೆಟ್ಟು ತಿಂದಾವ್ರು ಹೇಳಬೇಕು. ಅವ್ರ ಸುಳ್ಳು ಅಂದ್ರ ಮುಗೀತು. ನಿಮ್ಮ ಡಬ್ಬಿ ಪೆಟ್ಟಿಗೆ ನೀವ ಜೈಲಿಗೆ ಹೋಗ್ತೀರಿ.”

ಅತೀಕನಿಗೆ ಫೋನ್ ಮಾಡಿದೆ. “ನೌಕರಿ ಹೋಗ್ತೈತ್ರಿ ಅಕ್ಕಾರ...” ಕಟ್ ಆಯಿತು. ಮತ್ತೆ ಹತ್ತಲಿಲ್ಲ.

ಏಪ್ರಿಲ್ 30, ಟಿಕೋಟಾ

ಹಾಡಹಗಲು. ಗೌಡನ ಗೋದಾಮಿನ ಆಳುಗಳು, ಏಳು ಜನ. ಶಟರ್ ಬಗ್ಗಿಸಿದರು. ಡಬ್ಬಿಗಳನ್ನು ರಸ್ತೆಗೆ ಬಡಿದು ಒಡೆದರು. ಚರಂಡಿಯಲ್ಲಿ ಬಿಳಿ ನೊರೆ. ನೀರು ಕುಡಿದ ಎರಡು ಆಡು ಕಾಲು ಬಡಿದು ಬಡಿದು ಸತ್ತವು. ತಡೆಯಲು ಹೋದ ನನ್ನನ್ನು ಗೋಡೆಗೆ ನೂಕಿದರು, ತೋಳು ಮೇಲಕ್ಕೆ ಏಳುತ್ತಿಲ್ಲ.

ಒಬ್ಬ ಧರ್ಮರಾಜನ ಜೇಬಿಗೆ ಬಾಂಡ್ ಪೇಪರ್ ತುರುಕಿದ. ಎಲ್ಲ ಟೈಪ್ ಮಾಡಿಯೇ ತಂದದ್ದು. ‘ನಾನಾಗಿಯೇ ಜಾರಿ ಬಿದ್ದೆ, ಯಾರ ಮೇಲೂ ದೂರಿಲ್ಲ’ ಎಂದು ಅದರಲ್ಲಿ. “ಐತಾರ ಮುಂಜಾನೆ ಸಹಿ ಬೇಕ ಲೇ. ಇಲ್ಲಂದ್ರ ತಂತಿ ಬಿಚ್ಚಾಕ ಡಾಕ್ಟರ್ ಬ್ಯಾಡ, ನಾವ ಬರ್ತೀವಿ.”

ಮೇ 3

ಧರ್ಮರಾಜನ ಮುಂದೆ ಕೂತು ಹೇಳಿದೆ: “ಗೌಡ ಒದ್ದದ್ದು ಬರೀ. ನೀ ನನ್ನ ಹೊಡದದ್ದು ನಾ ಮರತಿಲ್ಲ, ಅದು ನಿಂದು-ನಂದು. ಆದ್ರ ಇದಕ್ಕ ಸಹಿ ಮಾಡಿದ್ರ ನಿನ್ನ ಮನಿಯಾಗ ಅಂಬಕ್ಕನೂ ಇರಂಗಿಲ್ಲ, ಆಮ್ರಪಾಲಿನೂ ಇರಂಗಿಲ್ಲ.”

ಗೋಡೆಗೆ ಮುಖ ಮಾಡಿ ಮಲಗಿದ.

ಮೇ 4, ಐತವಾರ, ಬೆಳಿಗ್ಗೆ 8

ಅವನ ಮುಂದೆ ಎರಡು ಕಾಗದ. ಬಾಂಡ್ ಪೇಪರ್ ಒಂದು, ಖಾಲಿ ಹಾಳೆ ಒಂದು. ಬಾಗಿಲ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ. ಬೀದಿಯಲ್ಲಿ ಬೈಕುಗಳು ಬಂದು ನಿಂತಿವೆ. ಗೌಡನ ಆಳುಗಳು ಇಳಿದಿಲ್ಲ ಇನ್ನೂ.

ಬಾಂಡ್ ಪೇಪರ್ ಎತ್ತಿದ. ಓದಿದ. ಹರಿಯಲಿಲ್ಲ, ಪಕ್ಕಕ್ಕಿಟ್ಟ.

ಖಾಲಿ ಹಾಳೆ ಎಳೆದುಕೊಂಡ. ಠಾಣೆಯ ಹೇಳಿಕೆ ಹೇಗಿರಬೇಕೋ ಹಾಗೇ. ಹೆಸರು ಬರೆದ. ತಂದೆ ಪರಸಪ್ಪ. ವಯಸ್ಸು 43. ಊರು ನಿಡೋಣಿ.

ಜಾತಿ ಎಂದು ಬರೆದು ಎರಡು ಚುಕ್ಕಿ ಇಟ್ಟ. ಅಲ್ಲೇ ಕೂತ.

ಬರೆಯತೊಡಗಿದ. ಮೂಡುತ್ತಿಲ್ಲ. ಒತ್ತಿದ, ಹಾಳೆಯ ಮೂಲೆಗೆ ಗೀಚಿದ. ರೀಫಿಲ್ ಮುಗಿದಿದೆ. ಗೇಟಿನ ಚಿಲಕ ಸಪ್ಪಳವಾಯಿತು. ಅವನು ತಿರುಗಿಯೂ ನೋಡಲಿಲ್ಲ. ನನ್ನ ಪೆನ್ನಿಗೆ ಕೈ ಚಾಚಿದ್ದಾನೆ, ತಗೋ —